ಸಿಮೆಂಟಿಗೆ ಬಿಟ್ಟ ಜಾಗ

ಅತ್ತೆಯ ಹಲ್ಲು ಸೊಸೆಯ ಕೈಚೀಲದಲ್ಲಿತ್ತು. ಹಲ್ಲು ಎಂದರೆ ಹಲ್ಲಿನ ಮೇಲೆ ಕೂರುವ ಸೆರಾಮಿಕ್ ಕ್ಯಾಪು. ಕೆಳದವಡೆಯ ಎಡಗಡೆಯ ದೊಡ್ಡ ಹಲ್ಲಿಗೆಂದು ಅವಳೇ ಮೂರು ದಿನ ಕೂತು ಮಾಡಿದ್ದು. ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತಿಯ ಮೇಲೆ ಅದನ್ನು ಮಲಗಿಸಿ, ಡಬ್ಬಿಗೆ ರಬ್ಬರ್ ಬ್ಯಾಂಡು ಹಾಕಿ, ಕರವಸ್ತ್ರದಲ್ಲಿ ಸುತ್ತಿ, ಪಕ್ಕಕ್ಕೆ ಅತ್ತೆಯ ದವಡೆಯ ಪ್ಲಾಸ್ಟರ್ ಅಚ್ಚನ್ನೂ ಇಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಳು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಕೈ ತಾನಾಗಿ ಚೀಲದ ಮೇಲೆ ಹೋಗುತ್ತಿತ್ತು. ಕಿಟಕಿಯ ಪಕ್ಕ ಕೂತಿದ್ದ ಅತ್ತೆ ಎರಡು ಸಲ ನೋಡಿ ಸುಮ್ಮನಿದ್ದರು, ಮೂರನೆಯ ಸಲ ತಡೆಯಲಿಲ್ಲ. "ಏನೇ ಅದು, ಎಳೆ ಮಗೂನ ಹೊತ್ಕೊಂಡು ಬಂದಂಗೆ ಆಡ್ತೀಯಲ್ಲ" ಎಂದರು. "ಬಿದ್ರೆ ಒಡೆದುಹೋಗತ್ತೆ ಅತ್ತೆ." "ಬಸ್ಸಲ್ಲಿ ಬಿದ್ರೆ ಒಡೆಯೋ ಹಲ್ಲು ನನ್ನ ಬಾಯಲ್ಲಿ ಎಷ್ಟು ದಿನ ಬಾಳತ್ತೆ?" ಅದಕ್ಕೆ ಉತ್ತರ ಇತ್ತು. ಅಂಟಿಸುವ ತನಕ ಅದು ಮೊಟ್ಟೆಯ ಚಿಪ್ಪು, ಅಂಟಿಸಿದ ಮೇಲೆ ಕಲ್ಲು ಎಂದು ಹೇಳಬಹುದಿತ್ತು. ಆದರೆ ಹಲ್ಲಿನ ಬಗ್ಗೆ ಯಾರಿಗೂ ಏನೂ ವಿವರಿಸುವ ಧೈರ್ಯ ಈ ತಿಂಗಳು ಅವಳಿಗೆ ಉಳಿದಿರಲಿಲ್ಲ.

ಮೂರು ಚೀಟಿ ಬಂದಿದ್ದವು. ಡಾಕ್ಟರಮ್ಮನ ಕ್ಲಿನಿಕ್ಕಿನಿಂದ ಲ್ಯಾಬಿಗೆ ಮೂರು ವಾರದಲ್ಲಿ ಮೂರು ಚೀಟಿ, ಮೂರರ ಮೇಲೂ ಕೆಂಪು ಶಾಯಿಯಲ್ಲಿ ಒಂದೇ ಮಾತು: ಹೈ. ಕ್ಯಾಪು ಎತ್ತರವಾಗಿದೆ, ಬಾಯಿ ಮುಚ್ಚಿದರೆ ಅದೊಂದೇ ಹಲ್ಲು ಮೊದಲು ತಾಗುತ್ತದೆ, ಬಾಯಲ್ಲೇ ಉಜ್ಜಿ ತಗ್ಗಿಸಬೇಕಾಯಿತು. ಮೊದಲನೆಯದು ಒಬ್ಬ ಡ್ರೈವರಿನದು, ಎರಡನೆಯದು ವಕೀಲರದು, ಮೂರನೆಯದು ಯಾವುದೋ ಶಾಲೆಯ ಟೀಚರಿನದು. ಅವರು ಯಾರನ್ನೂ ಅವಳು ನೋಡಿರಲಿಲ್ಲ. ಹನ್ನೆರಡು ವರ್ಷದಿಂದ ಅವಳು ನೋಡುತ್ತಿದ್ದುದು ಪ್ಲಾಸ್ಟರಿನ ದವಡೆಗಳನ್ನು. ನಾಲಿಗೆಯಿಲ್ಲದ, ಬೈಯದ, ಬಾಯಿವಾಸನೆಯಿಲ್ಲದ ದವಡೆಗಳು. ಆದರೂ ಕೆಂಪು ಶಾಯಿ ಕಂಡಾಗ ಆ ಡ್ರೈವರು ಬಾಯಿ ತೆರೆದು ಮಲಗಿದ್ದು, ಅವಳು ಕುಂಚದ ತುದಿಯಲ್ಲಿ ಬಿಡಿಸಿದ ತೆಳು ಕಂದು ಗೆರೆಗಳ ಮೇಲೆ ಡ್ರಿಲ್ಲು ಓಡಿದ್ದು, ಕುಲುಮೆಯಲ್ಲಿ ಎರಡು ಸಲ ಸುಟ್ಟು ತಂದ ಹೊಳಪು ಪುಡಿಯಾಗಿ ನೀರಿನ ಜೊತೆ ಬೇಸಿನ್ನಿಗೆ ಹೋದದ್ದು ಎಲ್ಲ ಕಣ್ಣಿಗೆ ಕಟ್ಟಿತ್ತು. ಲ್ಯಾಬಿನ ಯಜಮಾನರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತ, "ನೋಡಮ್ಮ, ವಯಸ್ಸಾದ ಹಾಗೆ ಎಲ್ರಿಗೂ ಆಗೋದೇ. ನಂಗೇ ಈಗ ಸೂಜಿಗೆ ದಾರ ಹಾಕಕ್ಕಾಗಲ್ಲ. ನಾಲ್ಕನೇ ಚೀಟಿ ಬಂತು ಅಂದ್ರೆ ಸೋಮವಾರದಿಂದ ನೀವು ಪ್ಲಾಸ್ಟರ್ ಟೇಬಲ್‌ಗೆ ಬನ್ನಿ, ಕ್ಯಾಪ್ ಕೆಲ್ಸ ಹೊರಗಡೆ ಮಷೀನಲ್ಲಿ ಮಾಡಿಸೋಣ. ಬೇಜಾರು ಮಾಡ್ಕೋಬೇಡಿ" ಎಂದಿದ್ದರು. ಅವಳಿಗೆ ನಲವತ್ತನಾಲ್ಕು. ಆ ಹೊತ್ತಿಗೆ ಬೇಜಾರು ಬರಲೇ ಇಲ್ಲ. ಬಂದದ್ದು ಮಧ್ಯಾಹ್ನ, ಪ್ಲಾಸ್ಟರ್ ಕಲಸುವವನು ತನ್ನ ಮೇಜಿನ ಅರ್ಧಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದುದನ್ನು ಕಂಡಾಗ. ಸಂಜೆಯ ಹೊತ್ತಿಗೆ ಹುಬ್ಬಿನ ತನಕ ಬೆಳ್ಳಗಾಗುವ ಅವನಿಗೆ ಲ್ಯಾಬಿನಲ್ಲಿ ಸುಣ್ಣಪ್ಪ ಎಂದೇ ಹೆಸರು. ಕೆಟ್ಟವನಲ್ಲ. "ಬನ್ನಿ ಮೇಡಂ, ಇಲ್ಲಿ ಗಾಳಿ ಚೆನ್ನಾಗಿ ಬರತ್ತೆ" ಎಂದು ನಕ್ಕಿದ್ದ. ಆ ಸ್ವಾಗತ ಅವಳಿಗೆ ಕಪಾಳಕ್ಕೆ ಹೊಡೆದಂತಿತ್ತು.

"ಇಳೀಬೇಕಲ್ವಾ ಇಲ್ಲಿ?" ಎಂದು ಅತ್ತೆ ಅವಳ ಮೊಣಕೈ ತಿವಿದರು. ಇಳಿದು ರಸ್ತೆ ದಾಟುವಾಗ ಅತ್ತೆಯೇ ಮುಂದೆ. ಎಪ್ಪತ್ತೊಂದು ವರ್ಷ, ಅದರಲ್ಲಿ ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು, ಈಗಲೂ ಒಂದು ಲಯಕ್ಕೆ ಬೀಳುತ್ತಿತ್ತು. ಗಂಡಸರ ಕೋಟು, ಶಾಲೆಯ ಯೂನಿಫಾರಂ, ಆಸ್ಪತ್ರೆಯ ಪರದೆ ಯಾವುದೂ ಬೇಡವೆಂದವರಲ್ಲ. ಕತ್ತರಿ ಕೈಯಲ್ಲಿದ್ದಾಗ ಯಾರೂ ಮಾತಾಡಿಸುವಂತಿರಲಿಲ್ಲ. ಮನೆಯಲ್ಲಿ ಸೊಸೆಯ ಕೆಲಸದ ಬಗ್ಗೆ ಅವರು ಒಳ್ಳೆಯದು ಕೆಟ್ಟದ್ದು ಎರಡೂ ಆಡಿದ್ದಿಲ್ಲ; "ಇಡೀ ದಿನ ಊರವರ ಎಂಜಲು ಹಲ್ಲು" ಎಂದು ಒಂದೇ ಒಂದು ಸಲ, ಅದೂ ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಈಗ ಅವರದೇ ಹಲ್ಲು. ತಿಂಗಳ ಹಿಂದೆ, ಚೀಟಿಗಳು ಶುರುವಾಗುವ ಮೊದಲು, ಈ ಡಾಕ್ಟರಮ್ಮನ ಹತ್ತಿರವೇ ಹೋಗೋಣ, ಕ್ಯಾಪು ನಾನೇ ಮಾಡ್ತೀನಿ ಎಂದು ಜಂಬದಿಂದ ಹೇಳಿದ್ದವಳು ಅವಳೇ. ಆಮೇಲಿನದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ಅಡುಗೆಮನೆಯಲ್ಲಿ ಅಂಚಿನ ತನಕ ನೀರು ತುಂಬಿದ ಲೋಟವನ್ನು ತೋಳು ಚಾಚಿ ಹಿಡಿದುಕೊಂಡು, ನೀರು ನಡುಗುತ್ತದೆಯೇ ಎಂದು ನೋಡುತ್ತ ನಿಂತಿದ್ದಾಗ ಗಂಡ ಒಳಗೆ ಬಂದಿದ್ದ. "ಏನಿದು, ನೀರಿಗೆ ಮೆರವಣಿಗೇನಾ?" ನೀರು ನಡುಗಿರಲಿಲ್ಲ. ಅವನ ಮಾತಿಗೆ ಬೆಚ್ಚಿ ನಡುಗಿತು, ಚೆಲ್ಲಿತು, ಅದನ್ನೂ ಅವಳು ಲೆಕ್ಕಕ್ಕೆ ತೆಗೆದುಕೊಂಡಳು.

ಕೈಗಿಂತ ಕೆಟ್ಟದ್ದು ಇನ್ನೊಂದಿತ್ತು. ವಕೀಲರ ಹಲ್ಲು. ಅದರ ಅಚ್ಚನ್ನು ಕೆರೆಯುವಾಗ ಅಂಚಿನಲ್ಲಿ ಸಣ್ಣ ಚಕ್ಕೆ ಹಾರಿತ್ತು, ಸಾಸಿವೆಯ ಸಿಪ್ಪೆಯಷ್ಟು. ಮತ್ತೆ ಅಳತೆ ಕಳಿಸಿ ಎಂದು ಡಾಕ್ಟರಮ್ಮನಿಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಆ ಜಾಗಕ್ಕೆ ಬಿಸಿ ಮೇಣ ತುಂಬಿ, ಕಣ್ಣಂದಾಜಿನಲ್ಲಿ ಗೆರೆ ಎಳೆದು, ಅದರ ಮೇಲೇ ಕ್ಯಾಪು ಕಟ್ಟಿದ್ದಳು. ಯಾರೂ ನೋಡಲಿಲ್ಲ. ಯಾರೂ ನೋಡದ ತಪ್ಪಿಗೆ ಶಿಕ್ಷೆಯೂ ಯಾರೂ ಕೊಡದ ಹಾಗೆ ಬರುತ್ತದೆ ಎಂದು ಅವಳಿಗೆ ಈಗ ಅನಿಸುತ್ತಿತ್ತು. ಸುಳ್ಳು ಬೆರಳಿಗೆ ಇಳಿದಿದೆ, ಅಲ್ಲಿಂದ ಮುಂದಿನದಕ್ಕೆ, ಅದರ ಮುಂದಿನದಕ್ಕೆ. ಆದರೆ ಡ್ರೈವರಿನದು ಅದಕ್ಕಿಂತ ಮೊದಲೇ ಆಗಿದ್ದು. ಈ ಲೆಕ್ಕ ಸರಿಹೋಗುತ್ತಿರಲಿಲ್ಲ, ಸರಿಹೋಗದಿದ್ದರೂ ಅವಳು ಅದನ್ನೇ ನಂಬಿದ್ದಳು.

ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಆರು ಕುರ್ಚಿ, ಗೋಡೆಯ ಮೇಲೆ ನಗುವ ಹಲ್ಲೊಂದರ ಚಿತ್ರ. ಹಲ್ಲಿಗೇ ಬಾಯಿ, ಬಾಯಿಗೆ ಮತ್ತೆ ಹಲ್ಲು. ಕೆನ್ನೆ ಊದಿದ ಒಬ್ಬ ಗಂಡಸು ಒಂದು ಕೈಯಲ್ಲಿ ದವಡೆ ಹಿಡಿದು ಕೂತಿದ್ದ. ಪಾಪ, ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಅಂಥವರೇ ಅತ್ತೆಗೆ ಬೇಕಾದವರು. "ಕ್ಯಾಪ್ ಹಾಕಿಸ್ಬೇಕಾಗತ್ತೆ ನಿಮ್ಗೂ" ಎಂದರು. ಅವನು ಮೂಗಿನಲ್ಲಿ ಏನೋ ಅಂದ. "ಹೆದರ್ಬೇಡಿ. ನಮ್ ಮನೇಲೇ ಮಾಡೋದು. ಇಗೋ ಇವಳು, ನನ್ನ ಸೊಸೆ. ಈ ಊರಲ್ಲಿ ಅರ್ಧ ಜನ ಅಗಿಯೋದು ಇವಳ ಹಲ್ಲಲ್ಲೇ." ಅವಳು ನೆಲ ನೋಡಿದಳು. ಮದುವೆಯಾದ ಹದಿನೆಂಟು ವರ್ಷದಲ್ಲಿ ಮೊದಲ ಸಲ ಅತ್ತೆ ಅವಳನ್ನು ಹೊಗಳಿದ್ದು, ಅದೂ ಹಲ್ಲುನೋವಿನ ಅಪರಿಚಿತನ ಮುಂದೆ, ಅದೂ ಇವತ್ತು. ಅರ್ಧ ಗಂಟೆಯಲ್ಲಿ ಈ ಮಾತು ವಾಪಸು ಆಗುತ್ತದೆ. ಒಳಗಿನ ಕುರ್ಚಿಯಲ್ಲಿ ಅತ್ತೆ ಕಚ್ಚಿ ನೋಡಿ, ಇದೇನೇ ಇಷ್ಟೆತ್ತರ ಎನ್ನುತ್ತಾರೆ. ಡಾಕ್ಟರಮ್ಮ ಡ್ರಿಲ್ಲು ಎತ್ತಿಕೊಳ್ಳುತ್ತಾರೆ. ಚೀಟಿ ಬರೆಯುವ ಕಷ್ಟವೂ ಇಲ್ಲ, ಅವಳು ಅಲ್ಲೇ ಇರುತ್ತಾಳೆ, ಬಾಯಲ್ಲೇ ಹೇಳಿದರೆ ಆಯಿತು. ಎದ್ದು ಹೋಗಿಬಿಡಲೇ ಎಂದುಕೊಂಡಳು. ಡಬ್ಬಿಯನ್ನು ಬಸ್ಸಿನಲ್ಲಿ ಬಿಟ್ಟೆ ಎನ್ನಬಹುದಿತ್ತು. ಅಷ್ಟರಲ್ಲಿ ನರ್ಸು ಬಾಗಿಲು ತೆರೆದು ಕರೆದಳು.

ಡಾಕ್ಟರಮ್ಮ ಅವಳಿಗಿಂತ ಹತ್ತು ವರ್ಷ ಚಿಕ್ಕವರು. ಗಟ್ಟಿಯಾಗಿ ಮಾತಾಡದ, ಕೈ ಮಾತ್ರ ಬೇಗ ಓಡುವ ಹೆಂಗಸು. ಫೋನಿನಲ್ಲಿ ಎಷ್ಟೋ ಸಲ ಮಾತಾಡಿದ್ದರೂ ಮುಖ ನೋಡಿದ್ದು ಇದು ಮೂರನೆಯ ಸಲ. "ನೀವೂ ಬಂದ್ರಾ, ಒಳ್ಳೇದಾಯ್ತು" ಎಂದರು. ಒಳ್ಳೆಯದು ಯಾತಕ್ಕೆ ಎಂದು ಅವಳಿಗೆ ತಿಳಿಯಲಿಲ್ಲ. ಮೂಲೆಯ ಸ್ಟೂಲಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕುರ್ಚಿ ಹಿಂದಕ್ಕೆ ಬಾಗಿತು, ಅತ್ತೆಯ ಕಾಲು ಮೇಲೆ ಬಂತು, ಅವರ ಸವೆದ ಚಪ್ಪಲಿಯ ಅಡಿ ಅವಳ ಮುಖಕ್ಕೆ ನೇರ. ತಾತ್ಕಾಲಿಕ ಕ್ಯಾಪು ತೆಗೆದು, ಕೆಳಗಿನ ಹಲ್ಲನ್ನು ತೊಳೆದು, ಗಾಳಿ ಬಿಟ್ಟು ಒಣಗಿಸಿ, ಡಾಕ್ಟರಮ್ಮ ಕೈ ಚಾಚಿದರು. ಡಬ್ಬಿಯ ರಬ್ಬರ್ ಬ್ಯಾಂಡು ತೆಗೆಯುವಾಗ ಅದು ಹಾರಿ ನರ್ಸಿನ ಕೊರಳಿಗೆ ತಾಗಿತು. ಯಾರೂ ನಗಲಿಲ್ಲ. ಡಾಕ್ಟರಮ್ಮ ಕ್ಯಾಪನ್ನು ಹಲ್ಲಿನ ಮೇಲಿಟ್ಟು ಬೆರಳಿನಿಂದ ಒತ್ತಿದರು. ಸಿಮೆಂಟು ಇಲ್ಲದೆ, ಹಾಗೇ. ಮೊನೆಯ ಕಡ್ಡಿಯನ್ನು ಅಂಚಿನ ಸುತ್ತ ಓಡಿಸಿದರು. ಕಡ್ಡಿ ಎಲ್ಲಾದರೂ ತಡೆದರೆ ಟಿಕ್ ಎನ್ನುತ್ತದೆ. ಆ ಸದ್ದು ಇಷ್ಟು ದೂರಕ್ಕೆ ಕೇಳುವುದಿಲ್ಲ, ಆದರೂ ಅವಳು ಉಸಿರು ಹಿಡಿದು ಕೇಳಿಸಿಕೊಂಡಳು. ಎಲ್ಲಿ ತಾಗುತ್ತದೆಂದು ಗುರುತು ಮೂಡಿಸುವ ನೀಲಿ ಕಾಗದ ಇಟ್ಟು ಕಚ್ಚಿಸಿದರು. ದೀಪ ಹತ್ತಿರಕ್ಕೆ ಎಳೆದು ನೋಡಿದರು. "ಚೆನ್ನಾಗಿ ಕೂತಿದೆ" ಎಂದರು. "ಕೂದಲೆಳೆಯೂ ಹೋಗಲ್ಲ."

ಅವಳಿಗೆ ಮೊದಲು ಸಂತೋಷವಾಗಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಕೈ ಕೆಟ್ಟಿದ್ದರೆ ಇದೂ ಕೆಡಬೇಕಿತ್ತು. ಅವಳು ಇದಕ್ಕೆ ಬೇರೆ ಏನೂ ಮಾಡಿರಲಿಲ್ಲ. ಮಾದರಿ ಕಟ್ಟುವ ಅದೇ ಮೇಣ, ಅದೇ ಕುಲುಮೆ. ಅಚ್ಚಿನ ಹಲ್ಲಿನ ಮೇಲೆ ಅದೇ ಎರಡು ಕೋಟು ಸ್ಪೇಸರ್. ಉಗುರುಬಣ್ಣದ ಹಾಗೆ ಕುಂಚದಲ್ಲಿ ಬಳಿಯುವ ಬೆಳ್ಳಿಬಣ್ಣ, ಕ್ಯಾಪಿನ ಒಳಗೆ ಸಿಮೆಂಟಿಗೆ ಅಷ್ಟು ಜಾಗ ಉಳಿಯಲಿ ಎಂದು. ಎರಡೇ ಕೋಟು, ಅಂಚಿಗೆ ತಾಗಿಸಬಾರದು. ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿಕೊಟ್ಟದ್ದು, ಹನ್ನೆರಡು ವರ್ಷದಲ್ಲಿ ಒಂದು ದಿನವೂ ಅದನ್ನು ಪ್ರಶ್ನಿಸಬೇಕು ಎನಿಸಿರಲಿಲ್ಲ. ನರ್ಸು ಟ್ರೇಯಲ್ಲಿ ಏನನ್ನೋ ಜೋಡಿಸುತ್ತಿದ್ದಳು. ಸೊಸೆಯ ಬಾಯಿಂದ ಮಾತು ತಾನಾಗಿ ಹೊರಟಿತು. ತನ್ನ ದನಿ ತನಗೇ ಬೇರೆಯವರದೆನಿಸಿತು.

"ಡಾಕ್ಟ್ರೇ, ಆ ಮೂರು... ಅವೂ ಹೀಗೇ ಕೂತಿದ್ವಾ? ಸಿಮೆಂಟ್ ಹಾಕೋ ಮೊದ್ಲು?"

"ಕೂತಿದ್ವು. ಎರಡನೇದು..." ಡಾಕ್ಟರಮ್ಮ ಒಂದು ಕ್ಷಣ ತಡೆದರು. "ಅದೂ ಕೂತಿತ್ತು ಅನ್ನಿ. ಕೂತಿದ್ದಕ್ಕೇ ಅಂಟಿಸಿದ್ದು. ಅಂಟಿಸಿ ನೋಡಿದ್ರೆ ಮೂರೂ ಹೈ."

"ಅಂಟಿಸಿದ್ಮೇಲೆ ಹೈ ಆಗಿದ್ದು ಅಂತ ಚೀಟೀಲಿ ಬರೀಲಿಲ್ಲ ನೀವು."

"ಹೈ ಅಂತ ಬರ್ದಿದ್ನಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕುರ್ಚಿಯಿಂದ, ಬಾಯಲ್ಲಿ ಹತ್ತಿಯ ಉರುಳೆ ಇಟ್ಟುಕೊಂಡಿದ್ದ ಅತ್ತೆ, "ಅಂಉ ಆಉಉ?" ಎಂದರು. ಯಾರಿಗೂ ಅರ್ಥವಾಗಲಿಲ್ಲ. ಅತ್ತೆ ತಾವೇ ಬೆರಳು ಹಾಕಿ ಹತ್ತಿ ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಡಾಕ್ಟರಮ್ಮ ಗಾಬರಿಯಿಂದ ಕ್ಯಾಪನ್ನು ಹಿಡಿದು ಹೊರಗೆ ತೆಗೆದರು.

"ಅಂಟು ಯಾವುದು ಅಂದೆ. ಏನು ಹಾಕಿ ಅಂಟಿಸ್ತೀರಾ?"

"ಸಿಮೆಂಟು ಅಮ್ಮ. ಹೊಸಾದು. ಇದು ತುಂಬ ಗಟ್ಟಿ, ಎಂಜಲಲ್ಲಿ ಕರಗಲ್ಲ, ಬಣ್ಣ ಕೂಡ ಹಲ್ಲಿಗೆ ಹೊಂದತ್ತೆ." ಜೋಡಿ ಕೊಳವೆಯ ಸಿರಿಂಜನ್ನು ಡಾಕ್ಟರಮ್ಮ ಎತ್ತಿ ತೋರಿಸಿದರು. ಆ ಎತ್ತಿದ ರೀತಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. "ಮೊದ್ಲು ಪುಡಿ, ನೀರು ಕಲಸಿ ಮಾಡ್ತಿದ್ವಿ. ಒಂದು ತಿಂಗಳಾಯ್ತು ಇದಕ್ಕೆ ಬದ್ಲಾಯಿಸಿ."

"ಇವಳಿಗೆ ಹೇಳಿದ್ರಾ?"

"ಯಾರಿಗೆ?"

"ಇವಳಿಗೆ. ಮಾಡೋಳಿಗೆ."

ಡಾಕ್ಟರಮ್ಮ ಸಿರಿಂಜನ್ನು ಕೆಳಗಿಳಿಸಿದರು. ಅತ್ತೆ ಮಲಗಿದ್ದ ಕುರ್ಚಿಯಲ್ಲೇ ಮೊಣಕೈ ಊರಿ ಎದ್ದರು, ಎದೆಯ ಮೇಲಿನ ಹಸಿರು ಕಾಗದ ಜಾರಿತು. "ನೋಡಿ ತಾಯಿ, ನಾನು ದರ್ಜಿ. ಒಬ್ಬ ಗಿರಾಕಿ ಕೋಟಿಗೆ ಅಳತೆ ಕೊಟ್ಟು ಹೋದ. ತೆಳ್ಳನೆ ಲೈನಿಂಗ್ ಅಂತ ನಾನು ಬಟ್ಟೆ ಕತ್ತರಿಸ್ದೆ. ಆಮೇಲೆ ಅವನು ಕಂಬಳಿಯಂಥ ಲೈನಿಂಗ್ ತಂದು ಒಳಗಡೆ ಹಾಕಿಸ್ಕೊಂಡ್ರೆ ಗುಂಡಿ ಸೇರತ್ತಾ? ಹೊಟ್ಟೆ ದಪ್ಪ ಆಯ್ತು ಅಂತ ಅವನನ್ನ ಬೈತೀರಾ, ಕತ್ತರಿ ಸರಿ ಇಲ್ಲ ಅಂತ ನನ್ನ ಬೈತೀರಾ?" ಆಮೇಲೆ ಸೊಸೆಯ ಕಡೆ ತಿರುಗಿದರು. "ನೀನಾದ್ರೂ ಕೇಳ್ಬಾರ್ದಾ? ಒಳಗಡೆ ಏನು ಹಾಕ್ತಾರೆ ಅಂತ ಕೇಳದೆ ಕತ್ತರಿ ಎತ್ತೋದು ಯಾವ ಸೀಮೆ ದರ್ಜಿ?"

 ಅಳತೆಯ ಜೊತೆ ಲ್ಯಾಬಿಗೆ ಬರುವ ಚೀಟಿ ಅವಳ ಕಣ್ಣ ಮುಂದೆ ಬಂತು. ಹಲ್ಲಿನ ನಂಬರು, ಬಣ್ಣ, ಬೇಕಾದ ದಿನ, ಗಂಡು, ಹೆಣ್ಣು, ವಯಸ್ಸು. ರೋಗಿ ಬೀಡಿ ಸೇದುತ್ತಾನೆಯೇ ಎಂಬುದಕ್ಕೂ ಒಂದು ಚೌಕ ಇತ್ತು. ಯಾವ ಸಿಮೆಂಟು ಎಂಬುದಕ್ಕೆ ಇರಲಿಲ್ಲ. ಹನ್ನೆರಡು ವರ್ಷ ಡಾಕ್ಟರಿಗೆ ಸ್ಪೇಸರ್ ಎಂದರೆ ಲ್ಯಾಬಿನವರ ವಿಷಯ, ಅವಳಿಗೆ ಸಿಮೆಂಟು ಎಂದರೆ ಡಾಕ್ಟರ ವಿಷಯ. ಆ ಎರಡೂ ಒಂದನ್ನೊಂದು ಮುಟ್ಟುವುದು ಕ್ಯಾಪಿನ ಒಳಗೆ, ಕತ್ತಲೆಯಲ್ಲಿ, ಯಾರೂ ನೋಡದ ಜಾಗದಲ್ಲಿ. ಅವಳು ಸ್ಟೂಲಿನಿಂದ ಎದ್ದಳು. ಚೀಲದಿಂದ ಅಚ್ಚಿನ ದವಡೆಯನ್ನು ತೆಗೆದು ಟ್ರೇಯ ಮೇಲಿಟ್ಟಳು. ಕೇಳುವ ಗೋಜಿಗೆ ಹೋಗದೆ ಹೇಳಿದಳು: "ಇದರ ಮೇಲೆ ಹಾಕಿ ನೋಡೋಣ ಡಾಕ್ಟ್ರೇ. ಹೊಸ ಸಿಮೆಂಟು. ಅಚ್ಚಿಗೆ ವ್ಯಾಸ್‌ಲೀನ್ ಸವರ್ತೀನಿ, ಅಂಟಲ್ಲ. ಗಟ್ಟಿ ಆಗೋ ಮೊದ್ಲು ತೆಗೆದು ಒರೆಸಿಬಿಡೋಣ." "ಒಳಗಡೆ ಕಚ್ಕೊಂಡ್ರೆ?" "ಕಚ್ಕೊಂಡ್ರೆ ಇನ್ನೊಂದು ಮಾಡ್ತೀನಿ. ಅತ್ತೆ ಎಲ್ಲೂ ಓಡಿಹೋಗಲ್ಲ." ಈ ದನಿಯಲ್ಲಿ ತಾನು ಯಾವ ಡಾಕ್ಟರಿಗೂ ಮಾತಾಡಿದವಳಲ್ಲ ಎಂಬುದು ಅವಳಿಗೆ ಮಾತು ಮುಗಿದ ಮೇಲೆ ಹೊಳೆಯಿತು.

ಮೊದಲು ಸಿಮೆಂಟಿಲ್ಲದೆ ಅಚ್ಚಿನ ಹಲ್ಲಿನ ಮೇಲೆ ಕ್ಯಾಪನ್ನು ಕೂರಿಸಿದಳು. ಡಾಕ್ಟರಮ್ಮ ತಮ್ಮ ಭೂತಗನ್ನಡಿಯ ಕನ್ನಡಕ ಇಳಿಸಿಕೊಂಡು ನೋಡಿದರು. ಅಂಚಿಗೆ ಅಂಚು, ಎಲ್ಲಿ ಕ್ಯಾಪು ಮುಗಿದು ಎಲ್ಲಿ ಹಲ್ಲು ಶುರು ಎಂದು ತಿಳಿಯುವುದಿಲ್ಲ. ಆಮೇಲೆ ಸಿರಿಂಜಿನಿಂದ ಒಂದು ತೊಟ್ಟು ಒಳಕ್ಕೆ. ಅವಳು ಹೆಬ್ಬೆರಳಿಟ್ಟು ಒತ್ತಿದಳು. ಬೆರಳ ಕೆಳಗೆ ಅದು ಇಳಿಯಿತು, ಇಳಿಯಿತು, ನಿಂತಿತು. ಇನ್ನೂ ಒತ್ತಿದಳು. ಇಲ್ಲ. ಒಳಗೆ ಏನೋ ಮೆತ್ತಗೆ ಎದುರು ನಿಂತು ಬೆರಳನ್ನು ತಡೆದಿತ್ತು. ಇಷ್ಟು ಇಕ್ಕಟ್ಟಿನಲ್ಲಿ ನಾನು ಎಲ್ಲಿಗೆ ಹೋಗಲಿ ಎಂದು ಕೇಳುವ ಹಾಗೆ. ಸುತ್ತ ಉಕ್ಕಿದ್ದನ್ನು ಬಟ್ಟೆಯಿಂದ ಒರೆಸಿ ದವಡೆಯನ್ನು ದೀಪಕ್ಕೆ ಹಿಡಿದಳು. ಭೂತಗನ್ನಡಿ ಬೇಕಾಗಲಿಲ್ಲ. ಅಂಚಿನ ಉದ್ದಕ್ಕೂ ಒಂದು ನೆರಳಿನ ಗೆರೆ, ಕೂದಲೆಳೆಯ ಅರ್ಧದಷ್ಟು. ಹಲ್ಲಿಗೆ ಅದರ ಕಾಲುಭಾಗವೂ ಗೊತ್ತಾಗುತ್ತದೆ.

ಆಗ ಅವಳಿಗೆ ನಗು ಬಂತು. ತುಟಿಯಲ್ಲಿ ಬಂದ ನಗುವಲ್ಲ; ಬಿಕ್ಕಳಿಕೆಯ ಹಾಗೆ ಹೊಟ್ಟೆಯಿಂದ ಒಂದು, ಸ್ವಲ್ಪ ಬಿಟ್ಟು ಇನ್ನೊಂದು. ನಿಲ್ಲಿಸಲು ಹೋದರೆ ಮೂಗಿನಿಂದ ಹೊರಟಿತು. ನರ್ಸು ನೀರು ಬೇಕೇ ಎಂದಳು. ಬೇಡವೆಂದು ತಲೆಯಾಡಿಸುತ್ತಲೇ ಕ್ಯಾಪನ್ನು ಕಿತ್ತು, ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒಳಗೆಲ್ಲ ಒರೆಸಿದಳು, ಗಾಳಿ ಬಿಟ್ಟಳು, ಮತ್ತೆ ಒರೆಸಿದಳು. ಬೆರಳುಗಳು ಅಷ್ಟು ಸಣ್ಣ ಬಟ್ಟಲಿನೊಳಗೆ ತಾವಾಗಿ ತಿರುಗುತ್ತಿದ್ದವು, ಒಂದು ಚೂರೂ ತಡವರಿಸದೆ. ಅವುಗಳನ್ನು ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡಿದಳು. ಒಂದು ತಿಂಗಳು ಈ ಕೈಯನ್ನು ಕಳ್ಳನನ್ನು ಕಾಯುವ ಹಾಗೆ ಕಾದಿದ್ದಳು. ಮನೆಯವರು ಏಳುವ ಮೊದಲೇ ಎದ್ದು ಲೋಟದ ಮುಂದೆ ವಿಚಾರಣೆಗೆ ನಿಲ್ಲಿಸಿದ್ದಳು. ಪಾಪ ಅದು ತನ್ನ ಪಾಡಿಗೆ ಕೆಲಸ ಮಾಡಿಕೊಂಡೇ ಇತ್ತು. ಅತ್ತ ಡಾಕ್ಟರಮ್ಮ ಹೊಸ ಸಿಮೆಂಟಿನ ಪೆಟ್ಟಿಗೆಯೊಳಗಿನ ಮಡಿಸಿದ ಕಾಗದವನ್ನು ಬಿಡಿಸಿ, ಇರುವೆಯಂಥ ಅಕ್ಷರಗಳ ಮೇಲೆ ಬೆರಳು ಎಳೆಯುತ್ತಿದ್ದರು. "ಇಲ್ಲಿದೆ. ಪದರದ ದಪ್ಪ... ಹಳೇದರ ಎರಡರಷ್ಟು." ಕಾಗದವನ್ನು ಕೆಳಗಿಟ್ಟರು. "ಇದೇನು ಮುಚ್ಚಿಟ್ಟಿರ್ಲಿಲ್ಲ ಕಂಪನಿಯವ್ರು. ನಾನೇ ಓದ್ಲಿಲ್ಲ. ಸುಮ್ನೆ ಮೂರು ಜನರ ಹಲ್ಲು ಉಜ್ಜಿಬಿಟ್ನಲ್ಲ ನಾನು."

"ಇನ್ನೊಂದು ಕೋಟು ಹಾಕಿದ್ರೆ ಆಯ್ತು ಡಾಕ್ಟ್ರೇ. ಬೇಕಾದ್ರೆ ಎರಡು. ಅಂಚು ಮಾತ್ರ ಬಿಟ್ಟು. ಹೊಸ ಸಿಮೆಂಟು ಅಂತ ಒಂದು ಮಾತು ಬರ್ದುಕಳ್ಸಿ, ಸಾಕು."

"ನಾಳಿಂದ ಬರೀತೀನಿ. ಇವತ್ತು ಇದಕ್ಕೇನು ಮಾಡೋಣ?"

"ಹಳೇದು ಇಲ್ವಾ?"

ಇತ್ತು. ನರ್ಸು ಸ್ಟೂಲು ಹತ್ತಿ ಬೀರುವಿನ ಮೇಲಿನ ಖಾನೆಯಿಂದ, ಹತ್ತಿಯ ಕಟ್ಟುಗಳ ಹಿಂದಿನಿಂದ, ಪುಡಿಯ ಶೀಶೆಯನ್ನೂ ದ್ರವದ ಶೀಶೆಯನ್ನೂ ತೆಗೆದಳು. ತಾರೀಕು ನೋಡಿದರು, ಇನ್ನೂ ಎರಡು ತಿಂಗಳು ಬಾಳಿಕೆ ಇತ್ತು. ಅತ್ತೆಯ ಹಲ್ಲು ಗಿಡ್ಡವಲ್ಲ, ಗೋಡೆ ಚೆನ್ನಾಗಿದೆ, ಈ ಸಿಮೆಂಟೇ ಧಾರಾಳವಾಗಿ ಹಿಡಿಯುತ್ತದೆ ಎಂದರು ಡಾಕ್ಟರಮ್ಮ. ಗಾಜಿನ ಹಲಗೆಯ ಮೇಲೆ ನರ್ಸು ಪುಡಿಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಕಲಸತೊಡಗಿದಳು. ಎತ್ತಿದರೆ ದಾರದ ಹಾಗೆ ಎಳೆ ಬರಬೇಕು, ಬಂತು. "ಮಲ್ಕೊಳ್ಳಿ ಅಮ್ಮ" ಎಂದರು ಡಾಕ್ಟರಮ್ಮ. "ಮಲ್ಕೊಳ್ಳೋದು ಇರ್ಲಿ, ಈ ಲೈನಿಂಗ್ ತೆಳುವೇ ತಾನೇ?" "ತೆಳುವೇ." "ಹಾಗಾದ್ರೆ ಹೊಲೀರಿ" ಎಂದು ಅತ್ತೆ ಬಾಯಿ ತೆರೆದರು.

ಕಾಯಬೇಕಾದ ಆ ಕೆಲವು ನಿಮಿಷ ಅವಳು ಕಿಟಕಿಯ ಬಳಿ ನಿಂತಳು. ಕೆಳಗೆ ಒಬ್ಬ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ. ಕ್ಯಾಪು ಇಳಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು, ಕೊನೆಯ ತನಕ, ತಡೆಯಿಲ್ಲದೆ. ಆದರೂ ಇನ್ನೂ ಏನಾದರೂ ಆಗಬಹುದಿತ್ತು. ಸೋಮವಾರ, ಒರೆಸಿಟ್ಟ ಅರ್ಧ ಮೇಜು, ಅಲ್ಲಿನ ಚೆನ್ನಾದ ಗಾಳಿ. ಹಿಂದೆ ಲೋಹದ ಕಡ್ಡಿ ಸಿಮೆಂಟಿನ ಹೆಚ್ಚುವರಿಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುವ ಸದ್ದು. ನೀಲಿ ಕಾಗದ. "ಕಚ್ಚಿ. ಆ ಕಡೆ ಈ ಕಡೆ ಉಜ್ಜಿ. ಈಗ ಹೇಳಿ ಅಮ್ಮ, ಎತ್ತರ ಅನ್ಸತ್ತಾ?" ಅತ್ತೆ ಕಣ್ಣು ಮುಚ್ಚಿದರು. ಟುಕ್, ಟುಕ್, ಟುಕ್. ದವಡೆಯನ್ನು ಪಕ್ಕಕ್ಕೆ ಸರಿಸಿ ಇನ್ನೊಮ್ಮೆ. ಬಟ್ಟೆ ಅಂಗಡಿಯಲ್ಲಿ ಬಟ್ಟೆ ಉಜ್ಜಿ ನೋಡುವಾಗಿನ ಮುಖ, ಅಂಗಡಿಯವನಿಗೆ ಬೆವರು ಬರುವ ತನಕ ಬಿಡುತ್ತಿರಲಿಲ್ಲ. ಟುಕ್. ಕಣ್ಣು ತೆರೆದು ರೇಗಿದರು: "ಏನೂ ಅನ್ಸಲ್ವಲ್ಲ. ಹಾಕಿದ್ದೀರೋ ಇಲ್ವೋ?"

ಡಾಕ್ಟರಮ್ಮ ನಕ್ಕ ರಭಸಕ್ಕೆ ಮಾಸ್ಕು ಕೆಳಗೆ ಜಾರಿತು. ಕೈಗವಸು ಕಿತ್ತು ಎಸೆದು, ಅಲ್ಲೇ ಫೋನೆತ್ತಿ ಲ್ಯಾಬಿನ ಯಜಮಾನರಿಗೆ ಮಾಡಿದರು. ಫೋನನ್ನು ಟ್ರೇಯ ಮೇಲೆ ಮಲಗಿಸಿ ಎಲ್ಲರಿಗೂ ಕೇಳುವ ಹಾಗೆ ಇಟ್ಟರು. ಸಿಮೆಂಟು ಬದಲಾಯಿಸಿದ್ದು, ಹೇಳದೆ ಇದ್ದದ್ದು, ಅಚ್ಚಿನ ಮೇಲೆ ಹಾಕಿ ನೋಡಿದ್ದು ಎಲ್ಲವನ್ನೂ ಹೇಳಿದರು. ಏನನ್ನೂ ತೇಲಿಸಲಿಲ್ಲ, ತಮ್ಮ ತಪ್ಪನ್ನೂ ಬಿಡಲಿಲ್ಲ. "ಮೂರೂ ನಮ್ಮ ಕಡೆಯಿಂದಾನೇ ಆಗಿದ್ದು ಸಾರ್. ಇವರದ್ದು ಒಂದು ಎಳೆಯಷ್ಟೂ ತಪ್ಪಿಲ್ಲ." ಆ ಕಡೆ ಯಜಮಾನರು ಹೌದಾ, ಹೌದಾ ಎನ್ನುತ್ತಿದ್ದರು. ಅವಳ ಮೈ ಹಗುರವಾಗಿತ್ತು. ಎರಡು ಇಂಚು ನೆಲ ಬಿಟ್ಟು ನಿಂತಿರಬಹುದು. ಒಂದು ಎಳೆಯಷ್ಟೂ ಇಲ್ಲ. ಸುಮ್ಮನಿದ್ದರೆ ಆಗಿತ್ತು. ಎಲ್ಲವೂ ಸಿಮೆಂಟಿನ ಖಾತೆಗೆ ಹೋಗಿ ಮುಗಿದುಬಿಡುತ್ತಿತ್ತು. ವಕೀಲರೂ ಅದರೊಳಗೇ ಸೇರಿಹೋಗುತ್ತಿದ್ದರು.

"ಮೂರಲ್ಲ ಸಾರ್, ಎರಡು" ಎಂದಳು.

"ಏನು?"

"ವಕೀಲರದ್ದು ನಂದೂ ತಪ್ಪಿದೆ. ಅಚ್ಚಿನ ಅಂಚು ಚಕ್ಕೆ ಎದ್ದಿತ್ತು. ಮೇಣ ತುಂಬ್ಸಿ ಮಾಡ್ಬಿಟ್ಟೆ. ಹೇಳ್ಲಿಲ್ಲ."

ಫೋನಿನಲ್ಲಿ ಲ್ಯಾಬಿನ ಫ್ಯಾನು ತಿರುಗುವ ಸದ್ದು ಕೇಳಿತು. ಆಮೇಲೆ ಯಜಮಾನರು, "ಇದು ಎಲ್ರಿಗೂ ಕೇಳಿಸ್ತಾ ಇದೆಯಾ?" ಎಂದರು.

"ಇದೆ" ಎಂದರು ಅತ್ತೆ.

ಡಾಕ್ಟರಮ್ಮ ಫೋನಿನ ಕಡೆ ಬಗ್ಗಿದರು. "ಸಾರ್, ಅದು... ಆ ಅಂಚಲ್ಲಿ ಸಂದು ಇದ್ದದ್ದು ನಂಗೂ ಕಂಡಿತ್ತು. ಸಿಮೆಂಟಲ್ಲೇ ತುಂಬ್ಸಿ ಕಳ್ಸಿದೆ. ನಾನೂ ಹೇಳ್ಲಿಲ್ಲ."

"ಶಹಬ್ಬಾಸ್" ಎಂದರು ಯಜಮಾನರು. "ಅವರು ಮೇಣ, ನೀವು ಸಿಮೆಂಟು. ಆ ವಕೀಲರು ಮನೆ ಕಟ್ಟೋಕೆ ಕೊಟ್ಟಿದ್ರಾ, ಹಲ್ಲು ಕಟ್ಟೋಕಾ? ಕರೆಸಿ ಅವರನ್ನ. ಹೊಸ ಅಳತೆ ತಗೊಳ್ಳಿ." ಆಮೇಲೆ ಬೇರೆ ದನಿಯಲ್ಲಿ, "ನೋಡಮ್ಮ, ಸೋಮವಾರ ನಿಮ್ಮ ಟೇಬಲ್ಲಲ್ಲೇ ಕೂತು ಅದನ್ನ ಮಾಡಿ. ಕೇಳಿಸ್ತಾ?" ಎಂದರು. ಅವಳು ಫೋನಿನ ಕಡೆ ತಲೆಯಾಡಿಸಿದಳು. "ಕೇಳಿಸ್ತು ಅಂತೆ" ಎಂದು ಅತ್ತೆಯೇ ಹೇಳಿದರು.

ರಸ್ತೆಗೆ ಇಳಿದಾಗ ಹನ್ನೆರಡರ ಬಿಸಿಲು. ಬಸ್ಸಿಗೆ ಹೋಗದೆ ಇಬ್ಬರೂ ನಡೆಯುತ್ತಿದ್ದರು, ನಡೆಯೋಣ ಎಂದು ಯಾರೂ ಹೇಳಿರಲಿಲ್ಲ. ಅತ್ತೆ ಹತ್ತು ಹೆಜ್ಜೆಗೊಮ್ಮೆ ಟುಕ್ ಎಂದು ಕಚ್ಚಿ ನೋಡುತ್ತಿದ್ದರು. ಗಾಡಿಗಳು, ಹಣ್ಣಿನ ಅಂಗಡಿ, ಕೊಡೆ ರಿಪೇರಿಯವನು, ಎಲ್ಲವೂ ತೊಳೆದಿಟ್ಟ ಹಾಗೆ ಕಂಡವು. ಎದುರಿಗೆ ಬರುವವರ ಬಾಯಿಗಳನ್ನೇ ಅವಳು ನೋಡುತ್ತಿದ್ದಳು. ಮಾತಾಡುವ, ಆಕಳಿಸುವ, ಬೈಯುವ ಬಾಯಿಗಳು, ಎಲ್ಲದರೊಳಗೂ ಯಾರೂ ನೋಡದ ಸಣ್ಣ ಕತ್ತಲೆ ಜಾಗಗಳು. ಅತ್ತೆ ಒಂದು ಮರದ ನೆರಳಿನಲ್ಲಿ ನಿಂತರು.

"ಅಲ್ವೇ, ನೀನು ಹೇಳ್ದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಹೌದತ್ತೆ."

"ಬಚಾವಾಗಿದ್ದೆ."

"ಹೌದು."

"ಮತ್ಯಾಕೆ ಹೇಳ್ದೆ?"

ಅವಳು ಯೋಚಿಸಿದಳು. ನ್ಯಾಯ, ಮನಸ್ಸಾಕ್ಷಿ ಎಂದೆಲ್ಲ ಹೇಳಬಹುದಿತ್ತು. ಅದು ಯಾವುದೂ ನಿಜವಲ್ಲ. ಭಯವಿದ್ದಷ್ಟು ದಿನ ಅವಳು ಹೇಳಿರಲಿಲ್ಲ, ಇನ್ನೊಂದು ತಿಂಗಳು ಭಯವಿದ್ದರೂ ಹೇಳುತ್ತಿರಲಿಲ್ಲ.

"ಖುಷಿಗೆ ಹೇಳ್ಬಿಟ್ಟೆ ಅತ್ತೆ."

ಅತ್ತೆ ಅವಳ ಮುಖ ನೋಡಿದರು. "ಖುಷಿಗಾ?" ಎಂದರು. ಆಮೇಲೆ ನಗಲು ಶುರುಮಾಡಿದರು. ಮರಕ್ಕೆ ಕೈ ಕೊಟ್ಟು, ತಲೆ ಹಿಂದಕ್ಕೆ ಚೆಲ್ಲಿ, ಹೊಲಿಗೆ ಯಂತ್ರದ ಸದ್ದನ್ನು ಮೀರಿ ಮಾತಾಡಿ ರೂಢಿಯಾದ ಆ ದೊಡ್ಡ ಗಂಟಲಿನಲ್ಲಿ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. ಎಲೆಗಳ ಸಂದಿನ ಬಿಸಿಲು ನೇರ ಆ ತೆರೆದ ಬಾಯೊಳಕ್ಕೆ ಬಿದ್ದಿತ್ತು. ಹನ್ನೆರಡು ವರ್ಷದಲ್ಲಿ ತಾನು ಮಾಡಿದ ಒಂದೇ ಒಂದು ಹಲ್ಲನ್ನೂ ನಗುವ ಬಾಯಿಯಲ್ಲಿ, ಹಗಲಿನಲ್ಲಿ ಅವಳು ಕಂಡಿರಲಿಲ್ಲ. ಬಗ್ಗಿ ಹುಡುಕಿದಳು. ಕೆಳಗಡೆ, ಎಡಕ್ಕೆ. ಚಹಾ ಕುಡಿದು ಮಾಸಿದ ಹಲ್ಲುಗಳು, ಸವೆದವು, ಒಂದಕ್ಕೊಂದು ಒರಗಿಕೊಂಡವು, ಎಲ್ಲವೂ ಅತ್ತೆಯವೇ. ಅದು ಎಲ್ಲಿ? ಮುಂದಿನಿಂದ ಎಣಿಸಬೇಕು, ಆರನೆಯದು. ಒಂದು, ಎರಡು, ಮೂರು, ನಾಲ್ಕು ಎನ್ನುವಷ್ಟರಲ್ಲಿ ಅತ್ತೆ ಬಾಯಿ ಮುಚ್ಚಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಅತ್ತೆ" ಎಂದಳು ಅವಳು, "ಇನ್ನೊಂದ್ಸಲ ನಗಿ."